ನಾನಿಯ ಕರಿ ಚೂರಿ

ಗುಳೇದಗುಡ್ಡದಲ್ಲಿರುವ ನಮ್ಮ ನಾನಿಯ ಅಡುಗೆಮನೆಯಲ್ಲಿ ಮೂರು ಚಾಕುಗಳಿವೆ. ಎರಡು ಥಳಥಳ ಹೊಳೆಯುವ ಸ್ಟೀಲಿನವು, ಪ್ಲಾಸ್ಟಿಕ್ ಹಿಡಿಕೆಯವು. ಅವು ಟೊಮ್ಯಾಟೊ ಹೆಚ್ಚಲು ಹೋದರೆ ಸಿಪ್ಪೆಯ ಮೇಲೆ ಜಾರುತ್ತವೆ. ಮೂರನೆಯದು ಕಿಟಕಿಯ ಸರಳಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಕರಿ ಚೂರಿ. ಅಲಗು ಒಂದು ಗೇಣಿಗಿಂತ ತುಸು ಕಡಿಮೆ, ಮೈಯೆಲ್ಲ ಮಸಿ ಬಣ್ಣ, ಬಾಯಿಯ ಅಂಚಿನಲ್ಲಿ ಮಾತ್ರ ಕೂದಲೆಳೆಯಂಥ ಒಂದು ಬೆಳ್ಳಿ ಗೆರೆ. ಹಿಡಿಕೆ ಜಾಲಿ ಕಟ್ಟಿಗೆಯದು, ಕೈಯ ಎಣ್ಣೆ ಕುಡಿದು ಕುಡಿದು ಖರ್ಜೂರದ ಬಣ್ಣಕ್ಕೆ ಬಂದಿದೆ. ಮನೆಗೆ ಬಂದವರು ಸ್ಟೀಲಿನ ಚಾಕುಗಳನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ಎರಡು ಉಳ್ಳಾಗಡ್ಡಿ ಹೆಚ್ಚಿದ ಮೇಲೆ ಅವರೇ ಕಿಟಕಿಯ ಕಡೆ ನೋಡುತ್ತಾರೆ.

ಈ ಚೂರಿಯನ್ನು ತಂದವರು ನಮ್ಮ ನಾನಾ. ಅವರು ಈಗಿಲ್ಲ. ಅವರ ಕನ್ನಡಕ, ಟೋಪಿ, ಕೈಗಡಿಯಾರ ಎಲ್ಲ ಟ್ರಂಕಿನೊಳಗಿವೆ. ದಿನವೂ ಕೆಲಸ ಮಾಡುತ್ತಿರುವುದು ಇದೊಂದೇ. ಇಂಥ ಚೂರಿಯನ್ನು ನಾನು ಹೋದ ಬಕ್ರೀದ್‌ಗೆ ಎರಡು ದಿನ ಮೊದಲು ಅರ್ಧ ನಿಮಿಷದಲ್ಲಿ ಕೆಡಿಸಿದೆ. ಹೇಗೆ ಕೆಡಿಸಿದೆ, ಯಾಕೆ ಕೆಟ್ಟಿತು, ಮತ್ತೆ ಹೇಗೆ ಸರಿಹೋಯಿತು ಎಂಬುದನ್ನು ತಿಳಿದುಕೊಳ್ಳಲು ಹೋಗಿ, ನಮ್ಮ ಪಠ್ಯಪುಸ್ತಕದ ಮೂರು ಅಧ್ಯಾಯಗಳು ಒಂದು ಅಡುಗೆಮನೆಯ ಚೂರಿಯೊಳಗೆ ಕೂತಿರುವುದು ಕಂಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಬ್ಬಕ್ಕೆ ಮೊದಲು ಎಲ್ಲರ ಮನೆಯಲ್ಲೂ ಚೂರಿ ಹರಿತ ಮಾಡುವ ಗಡಿಬಿಡಿ ಇರುತ್ತದೆ. ಜಿಬಹ್ ಮಾಡುವ ಚೂರಿ ಬೇರೆ, ಅದನ್ನು ಮಾಮು ನೋಡಿಕೊಳ್ಳುತ್ತಾರೆ. ಮಾಂಸ ಮನೆಗೆ ಬಂದ ಮೇಲೆ ಸಣ್ಣದಾಗಿ ಹೆಚ್ಚುವ ಕೆಲಸ ಈ ಕರಿ ಚೂರಿಯದು. ನಾನಿ ಅದನ್ನು ಯಾವಾಗಲೂ ಹಿತ್ತಲಿನ ಕೆಂಪು ಕಲ್ಲಿನ ಮೇಲೆ ನೀರು ಚಿಮುಕಿಸಿ ತಾವೇ ಉಜ್ಜುತ್ತಾರೆ. ಅವರಿಗೆ ಮೊಣಕಾಲು ನೋವು, ಕೂತು ಉಜ್ಜುವುದು ಯಾಕೆ ಎಂದು ನಾನು ಮಾಮುವಿನ ಫ್ಯಾಬ್ರಿಕೇಶನ್ ಅಂಗಡಿಗೆ ಚೂರಿ ಒಯ್ದೆ. ಅಲ್ಲಿ ಗೇಟು, ಕಿಟಕಿಯ ಗ್ರಿಲ್ಲು ಉಜ್ಜುವ ಗ್ರೈಂಡರ್ ಇದೆ. ಮಾಮು ಊಟಕ್ಕೆ ಹೋಗಿದ್ದರು. ಸ್ವಿಚ್ ಹಾಕಿ ಬಾಯಿಯನ್ನು ಚಕ್ರಕ್ಕೆ ಒತ್ತಿ ಹಿಡಿದೆ. ಕಿಡಿಗಳು ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಹಾರಿದವು. ಕಪ್ಪೆಲ್ಲ ಹೋಗಿ ಅಲಗು ಬೆಳ್ಳಗಾಯಿತು. ಬಾಯಿಯ ಅಂಚಿನಲ್ಲಿ ಎರಡು ಬೆರಳಿನ ಅಗಲ ಚೆಂದದ ನೀಲಿ ಬಣ್ಣ ಬಂತು. ನನಗೆ ಅದು ಹೊಳಪಿನ ಗುರುತು ಅನ್ನಿಸಿತ್ತು.

ಮರುದಿನ ನಾನಿ ಉಳ್ಳಾಗಡ್ಡಿ ಹೆಚ್ಚಲು ಕೂತರು. ಮೊದಲ ನಾಲ್ಕು ಹೋಳು ಬೆಣ್ಣೆಯ ಹಾಗೆ ಬಿದ್ದವು. ಐದನೆಯದಕ್ಕೆ ಚೂರಿ ನಿಂತಿತು. ನಾನಿ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ನೀಲಿ ಇದ್ದ ಜಾಗದಲ್ಲಿ ಬಾಯಿ ಒಂದು ಕಡೆಗೆ ಮಡಚಿಕೊಂಡಿತ್ತು, ಹಳೆಯ ಪುಸ್ತಕದ ಹಾಳೆಯ ಮೂಲೆಯ ಹಾಗೆ. ಕಲ್ಲಿಗೆ ಹಾಕಿ ಉಜ್ಜಿದರು. ಮತ್ತೆ ಹರಿತವಾಯಿತು, ಮತ್ತೆ ಮಡಚಿತು. ಅವರು ಬೈಯಲಿಲ್ಲ. ಚೂರಿಯನ್ನು ತೊಳೆದು, ಒರೆಸಿ, ಕಿಟಕಿಯ ಸಂದಿಗೆ ಸಿಕ್ಕಿಸಿ, ಸ್ಟೀಲಿನ ಚಾಕು ಎತ್ತಿಕೊಂಡರು. ಬೈದಿದ್ದರೆ ವಾಸಿ ಇತ್ತು.

ಸಂಜೆ ಮಾಮು ನೋಡಿ ಹೇಳಿದರು: 'ಹದ ಹೋಗಿದೆ. ಕಂಬಾರ ಕಾಕಾನ ಹತ್ತಿರ ಒಯ್ಯಿ.'

ಹದ ಎಂದರೇನು? ಇಡೀ ವಿಷಯ ಇರುವುದು ಈ ಎರಡಕ್ಷರದಲ್ಲಿ.

ಶುದ್ಧ ಕಬ್ಬಿಣ ಮೆತ್ತಗಿನ ಲೋಹ. ಅದರಿಂದ ಚೂರಿ ಮಾಡಿದರೆ ಬಾಯಿ ನಿಲ್ಲುವುದಿಲ್ಲ. ಅದರೊಳಗೆ ಸ್ವಲ್ಪ ಇಂಗಾಲ ಸೇರಬೇಕು. ಎಷ್ಟು? ನೂರು ಗ್ರಾಂ ಉಕ್ಕಿನಲ್ಲಿ ಅರ್ಧ ಗ್ರಾಂನಿಂದ ಒಂದು ಗ್ರಾಂವರೆಗೆ ಇದ್ದರೆ ಅಡುಗೆಮನೆಯ ಚೂರಿಗೆ ಸಾಕು. ಎರಡು ಗ್ರಾಂ ದಾಟಿ ಹೋದರೆ ಅದು ಬೀಡುಕಬ್ಬಿಣವಾಗುತ್ತದೆ, ಬಡಿದರೆ ಬಾಗದೆ ಒಡೆಯುತ್ತದೆ. ನಮ್ಮ ಕಡೆಯ ಕಂಬಾರರು ಚೂರಿಗೆ, ಕುಡಗೋಲಿಗೆ ಹೆಚ್ಚಾಗಿ ಬಳಸುವುದು ಲಾರಿಯ ಹಳೆಯ ಕಮಾನು ಪಟ್ಟಿ. ಹತ್ತಾರು ಟನ್ ಭಾರ ಹೊತ್ತು, ಗುಂಡಿಗಳಲ್ಲಿ ಬಾಗಿ ಬಾಗಿ ಮತ್ತೆ ನೆಟ್ಟಗಾಗುವ ಆ ಪಟ್ಟಿಯಲ್ಲಿ ಇಂಗಾಲ ಸುಮಾರು ನೂರಕ್ಕೆ 0.5ರಿಂದ 0.6ರಷ್ಟು ಇರುತ್ತದೆ. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಒಳ್ಳೆಯ ಉಕ್ಕು ಅದು. ಕಟ್ಟಡದ ಸರಳನ್ನೋ ಗ್ರಿಲ್ಲಿನ ಪಟ್ಟಿಯನ್ನೋ ಬಡಿದು ಚೂರಿ ಮಾಡಿ ಮಾರುವವರೂ ಇದ್ದಾರೆ. ನೋಡಲು ಎರಡೂ ಒಂದೇ. ಆದರೆ ಆ ಕಬ್ಬಿಣದಲ್ಲಿ ಇಂಗಾಲ ಕಡಿಮೆ, ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಚೂರಿಗೆ ಬೇಕಾದ ಗಡಸುತನ ಬರುವುದಿಲ್ಲ.

ಇಂಗಾಲ ಇದ್ದ ಮಾತ್ರಕ್ಕೂ ಉಕ್ಕು ಗಡಸಾಗುವುದಿಲ್ಲ. ಅದನ್ನು ಸೆರೆ ಹಿಡಿಯಬೇಕು. ತಣ್ಣಗಿರುವಾಗ ಕಬ್ಬಿಣದ ಪರಮಾಣುಗಳು ಒಂದು ಬಗೆಯ ಘನಾಕೃತಿಯಲ್ಲಿ ನಿಂತಿರುತ್ತವೆ: ಎಂಟು ಮೂಲೆಗೆ ಎಂಟು, ನಡುವೆ ಒಂದು. ಈ ಜೋಡಣೆಯಲ್ಲಿ ಇಂಗಾಲಕ್ಕೆ ಜಾಗವೇ ಇಲ್ಲದ ಹಾಗೆ. ಸುಮಾರು 727 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೋಡಣೆ ಬದಲಾಗತೊಡಗುತ್ತದೆ. ಮೂಲೆಗಳ ಜೊತೆಗೆ ಪ್ರತಿ ಮುಖದ ನಡುವೆ ಒಂದೊಂದು ಪರಮಾಣು ನಿಲ್ಲುತ್ತದೆ, ಸಂದುಗಳು ದೊಡ್ಡದಾಗುತ್ತವೆ, ಇಂಗಾಲದ ಪರಮಾಣುಗಳು ಆ ಸಂದುಗಳಲ್ಲಿ ಹೋಗಿ ಕೂರುತ್ತವೆ. ನಿಧಾನವಾಗಿ ತಣಿಯಲು ಬಿಟ್ಟರೆ ಅವು ಮೆಲ್ಲಗೆ ಹೊರಬಂದು ಬೇರೆಯಾಗಿ ನಿಲ್ಲುತ್ತವೆ, ಉಕ್ಕು ಮೆತ್ತಗೇ ಉಳಿಯುತ್ತದೆ. ತಟ್ಟನೆ ತಣ್ಣಗೆ ಮಾಡಿದರೆ? ಸಂತೆಯ ದಿನದ ಬಸ್ಸನ್ನು ನೆನೆಸಿಕೊಳ್ಳಿ. ಜನ ಚೀಲ, ಬುಟ್ಟಿ, ಕೋಳಿ ಸಮೇತ ಹತ್ತಿದ್ದಾರೆ, ಇಳಿಯುವವರು ಇಳಿಯುವ ಮೊದಲೇ ಬಾಗಿಲು ಹಾಕಿತು. ಯಾರೂ ಅಲುಗುವಂತಿಲ್ಲ. ಉಕ್ಕಿನೊಳಗೆ ಆಗುವುದೂ ಅದೇ. ಇಂಗಾಲ ಸಿಕ್ಕಿಹಾಕಿಕೊಂಡು ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತದೆ. ಜಾರದಿರುವುದೇ ಗಡಸುತನ. ಈ ಸ್ಥಿತಿಗೆ ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವರ ಹೆಸರಿನ ಮೇಲೆ ಮಾರ್ಟೆನ್‌ಸೈಟ್ ಎಂದು ಹೆಸರು. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಡಿ-ಬ್ಲಾಕ್ ಪಾಠದಲ್ಲಿ ಲೋಹದ ಸಂದುಗಳಲ್ಲಿ ಸಣ್ಣ ಪರಮಾಣುಗಳು ಕೂತರೆ ಗಡಸಾಗುತ್ತದೆ ಎಂದು ಎರಡು ಸಾಲು ಇದೆಯಲ್ಲ, ಆ ಎರಡು ಸಾಲಿನ ಹೊಟ್ಟೆಯೊಳಗೆ ಇಷ್ಟೆಲ್ಲ ಇದೆ.

ಹೀಗೆ ತಣಿಸಿದ ಉಕ್ಕು ಗಡಸು ನಿಜ, ಆದರೆ ಗಾಜಿನ ಹಾಗೆ ಪೆಡಸು. ಎಲುಬಿಗೆ ತಗಲಿದರೆ ಚಕ್ಕೆ ಎದ್ದುಹೋಗುತ್ತದೆ. ಆದ್ದರಿಂದ ಅದನ್ನು ಇನ್ನೊಮ್ಮೆ, ಈ ಸಲ ಸ್ವಲ್ಪವೇ ಬಿಸಿ ಮಾಡಬೇಕು. 200 ಡಿಗ್ರಿ ದಾಟಿ ಸ್ವಲ್ಪ ಮೇಲೆ ಹೋದರೆ ಇಂಗಾಲಕ್ಕೆ ತುಸು ಸಡಿಲ ಸಿಗುತ್ತದೆ. ಗಡಸುತನ ಸ್ವಲ್ಪ ಇಳಿದು ಜಿಗುಟು ಬರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದೇ ಹದ. 300 ಡಿಗ್ರಿಯ ಆಚೆ ಹೋದರೆ ಚೂರಿಗೆ ಬೇಕಾದದ್ದಕ್ಕಿಂತ ಹೆಚ್ಚು ಸಡಿಲವಾಗುತ್ತದೆ. ನನ್ನ ಗ್ರೈಂಡರ್ ಮಾಡಿದ್ದು ಅದನ್ನೇ. ಬಾಯಿಯ ಅಂಚು ಕಾಗದದಷ್ಟು ತೆಳ್ಳಗೆ, ಅಲ್ಲಿ ಹುಟ್ಟಿದ ಶಾಖ ಹರಿದು ಹೋಗಲು ಜಾಗವಿಲ್ಲ. ಕೈಗೆ ಬಿಸಿ ತಾಗುವ ಮೊದಲೇ ಅಂಚು ಕೆಟ್ಟಿರುತ್ತದೆ. ಒಮ್ಮೆ ಹೋದ ಗಡಸುತನ ತಣಿದ ಮೇಲೆ ವಾಪಸ್ ಬರುವುದಿಲ್ಲ.

ಕಂಬಾರ ಕಾಕಾನ ಕುಲುಮೆ ಒಂದು ಬೇವಿನ ಮರದ ಕೆಳಗೆ ತಗಡಿನ ಶೆಡ್ಡು. ತಿದಿಯ ಬದಲು ಈಗ ಕರೆಂಟಿನ ಬ್ಲೋವರ್ ಬಂದಿದೆ. ಗೋಡೆಯ ಮೇಲೆ ತಿಂಥಣಿ ಮೌನೇಶ್ವರರ ಪಟ. ಹೊರಗೆ ಹಣಿಯಲು ಬಂದ ಕುಂಟೆಯ ಕುಡಗಳು, ಕೊಡಲಿಗಳು, ಕುರ್ಚಗಿಗಳ ರಾಶಿ. ಚೂರಿ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು.

'ಯಾರ್ ತಮ್ಮಾ ಇದನ್ನ ಮಿಶಿನ್ನಿಗೆ ಹಿಡದವ್ರು?'

'ನಾನ ಕಾಕಾ.'

ಹಿಡಿಕೆಯ ಹತ್ತಿರ ಅಲಗಿನ ಮೇಲೆ ಮೂರು ಸಣ್ಣ ಚುಕ್ಕೆ ಇವೆ. ನಾನು ಅವನ್ನು ಅದುವರೆಗೆ ತುಕ್ಕಿನ ಕಲೆ ಎಂದುಕೊಂಡಿದ್ದೆ. ಕಾಕಾ ಅದರ ಮೇಲೆ ಹೆಬ್ಬೆರಳು ಸವರಿ, 'ನಮ್ಮಪ್ಪನ ಗುರ್ತು ಇದು' ಎಂದರು. ಹೆಚ್ಚು ಮಾತಾಡಲಿಲ್ಲ. ಕೈಯಲ್ಲಿದ್ದ ಕೊಡಲಿಯ ಕೆಲಸ ಬಿಟ್ಟು ಇದನ್ನೇ ಎತ್ತಿಕೊಂಡರು.

ಮೊದಲು ಹಿಡಿಕೆ ಬಿಡಿಸಿದರು. ಅಲಗನ್ನು ಇದ್ದಿಲ ಕೆಂಡದಲ್ಲಿ ಕೆಂಪಗೆ ಕಾಯಿಸಿ ಬೂದಿಯ ಗುಡ್ಡೆಯೊಳಗೆ ಹೂತಿಟ್ಟು, 'ಚಾ ಕುಡದ ಬಾ' ಎಂದರು. ಬೂದಿಯೊಳಗೆ ನಿಧಾನ ತಣಿದು ಅಲಗು ಪೂರ್ತಿ ಮೆತ್ತಗಾಗಬೇಕು. ಹಳೆಯ ಹದ ಅಳಿಸಿ ಹೊಸದು ಬರೆಯಬೇಕಲ್ಲ. ಆಮೇಲೆ ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಬಾಯಿ ತಟ್ಟಿ ನೆಟ್ಟಗೆ ಮಾಡಿ, ಅರದಿಂದ ಉಜ್ಜಿದರು. ಮತ್ತೆ ಕೆಂಡಕ್ಕೆ. ಈ ಸಲ ಅವರು ಎದ್ದು ಹೋಗಿ ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟರು. ಬಿಸಿಲಿನಲ್ಲಿ ಕೆಂಪಿನ ಅಂದಾಜು ಸಿಗುವುದಿಲ್ಲವಂತೆ. ಕತ್ತಲಲ್ಲಿ ಅಲಗು ಕೆಂಪಾಗಿ, ಕಿತ್ತಳೆಗೆ ತಿರುಗುವ ಹೊತ್ತಿಗೆ ಒಂದು ಅಯಸ್ಕಾಂತದ ತುಂಡು ತಗಲಿಸಿ ನೋಡಿದರು. ಅಂಟಲಿಲ್ಲ. ಕಬ್ಬಿಣ ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ಕಾಕಾನಿಗೆ ಆ ಅಂಕಿ ಬೇಕಿಲ್ಲ. ಹಳೆಯ ಸ್ಪೀಕರಿನಿಂದ ತೆಗೆದ ಆ ತುಂಡೇ ಅವರ ಥರ್ಮಾಮೀಟರ್. ಅದೂ ನನಗೆ ತೋರಿಸಲಿಕ್ಕೆ ತೆಗೆದದ್ದು ಎಂದು ಆಮೇಲೆ ಗೊತ್ತಾಯಿತು. ಅವರಿಗೆ ಬಣ್ಣವೇ ಸಾಕು.

ನೀರಿಗೆ ಅದ್ದುವಾಗ ಪೂರ್ತಿ ಅದ್ದಲಿಲ್ಲ. ಬಾಯಿಯ ಕಡೆಯ ಅರ್ಧ ಮಾತ್ರ. ಚುಂಯ್ ಎಂದು ಒಂದು ಕ್ಷಣ, ಅಷ್ಟೆ. ಬೆನ್ನು ಇನ್ನೂ ಬಿಸಿಯಾಗಿಯೇ ಇತ್ತು. ಹೊರಗೆ ತೆಗೆದವರೇ ಒಂದು ಇಟ್ಟಂಗಿ ಚೂರಿನಿಂದ ಅಲಗಿನ ಮೈ ಉಜ್ಜಿ ಬೆಳ್ಳಗೆ ಮಾಡಿದರು. 'ಈಗ ನೋಡು' ಎಂದರು. ಬೆನ್ನಿನ ಬಿಸಿ ಬಾಯಿಯ ಕಡೆಗೆ ಹರಿದು ಬರುತ್ತಿತ್ತು, ಅದರ ಜೊತೆಗೇ ಬಣ್ಣಗಳೂ. ಬೆನ್ನಿನ ಹತ್ತಿರ ನೀಲಿ, ಅದರ ಮುಂದೆ ನೇರಳೆ, ಅದರ ಮುಂದೆ ಕಂದು, ಎಲ್ಲಕ್ಕಿಂತ ಮುಂದೆ ತೆಳು ಹಳದಿ. ಒಂದರ ಹಿಂದೆ ಒಂದು ಮೆರವಣಿಗೆ ಬಂದ ಹಾಗೆ. ಆ ಹಳದಿ ಬಾಯಿಯ ಅಂಚಿಗೆ ಮುಟ್ಟಿದ ಕ್ಷಣಕ್ಕೆ ಪೂರ್ತಿ ಅಲಗನ್ನು ನೀರಿಗೆ ಮುಳುಗಿಸಿದರು.

'ಜ್ವಾಳದ ಬಣ್ಣಕ್ಕ ಹಿಡದ್ರ ಚೂರಿ. ನವಿಲಿನ ಬಣ್ಣಕ್ಕ ಬಿಟ್ರ ಸ್ಪ್ರಿಂಗು.'

ಇದು ತಮಾಷೆಯ ಮಾತಲ್ಲ. ತೆಳು ಹಳದಿ ಬರುವುದು ಸುಮಾರು 220–230 ಡಿಗ್ರಿಯಲ್ಲಿ, ಕಂದು 260ರ ಹತ್ತಿರ, ನೇರಳೆ 280ರಲ್ಲಿ, ನೀಲಿ 300ರ ಆಸುಪಾಸಿನಲ್ಲಿ. ಸ್ಪ್ರಿಂಗಿಗೆ ಬೇಕಾದದ್ದು ಬಾಗಿ ಮತ್ತೆ ನೆಟ್ಟಗಾಗುವ ಗುಣ, ಅದಕ್ಕೆ ನೀಲಿಯೋ ಅದಕ್ಕಿಂತ ಹೆಚ್ಚಿನ ಬಿಸಿಯೋ ಸರಿ. ಚೂರಿಯ ಬಾಯಿಗೆ ಹಳದಿ. ಈ ಬಣ್ಣಗಳು ಉಕ್ಕಿನವಲ್ಲ, ಬಿಸಿಗೆ ಮೈಮೇಲೆ ಕಟ್ಟುವ ಆಕ್ಸೈಡ್ ಪೊರೆಯವು. ಪೊರೆಯ ಮೇಲ್ಮೈಯಿಂದ ಮತ್ತು ತಳದಿಂದ ಹಿಮ್ಮರಳುವ ಬೆಳಕಿನ ಅಲೆಗಳು ಕೂಡಿ ಕಳೆದು, ಪೊರೆ ದಪ್ಪವಾದ ಹಾಗೆ ಬಣ್ಣ ಬದಲಾಗುತ್ತದೆ. ಮಳೆಯ ನೀರಿನ ಮೇಲೆ ಡೀಸೆಲ್ ಚೆಲ್ಲಿದಾಗ ಕಾಣುವ ಬಣ್ಣ, ಸಾಬೂನಿನ ಗುಳ್ಳೆಯ ಬಣ್ಣ, ಎಲ್ಲ ಒಂದೇ ಲೆಕ್ಕ. ನಮ್ಮ ಭೌತಶಾಸ್ತ್ರದ ಅಲೆ ದ್ಯುತಿವಿಜ್ಞಾನದ ಅಧ್ಯಾಯ. ನಾನು ಗ್ರೈಂಡರಿನಲ್ಲಿ ತಂದ ಆ ಚೆಂದದ ನೀಲಿ, ಬಾಯಿ 300 ಡಿಗ್ರಿ ಮುಟ್ಟಿತ್ತು ಎಂದು ಬರೆದಿಟ್ಟ ಸಾಕ್ಷಿಯಾಗಿತ್ತು. ಉಜ್ಜಿ ನೀಲಿ ಅಳಿಸಿದರೆ ಸಾಕ್ಷಿ ಹೋಗುತ್ತದೆ, ಹದ ಬರುವುದಿಲ್ಲ.

ಕಾಕಾ ಮಾಡಿದ್ದರಲ್ಲಿ ಇನ್ನೊಂದು ಜಾಣತನವಿದೆ. ಬಾಯಿ ಜೋಳದ ಬಣ್ಣದಲ್ಲಿ ನಿಂತಿತು, ಬೆನ್ನು ನವಿಲಿನ ಬಣ್ಣ ದಾಟಿ ಮೆತ್ತಗಾಯಿತು. ಒಂದೇ ತುಂಡು ಉಕ್ಕು, ಕೆಳಗೆ ಕತ್ತರಿಸುವ ಗಡಸು, ಮೇಲೆ ಪೆಟ್ಟು ತಡೆಯುವ ಜಿಗುಟು.

ಇಲ್ಲಿ ಸ್ವಲ್ಪ ದೂರದ ಮಾತೊಂದನ್ನು ಹೇಳಬೇಕು, ಯಾಕೆಂದರೆ ಅದು ನಮ್ಮದೇ ಮಾತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಭಾರತದ ಒಂದು ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದರು. ಅದರ ಹೆಸರನ್ನು 'ವೂಟ್ಸ್' ಎಂದು ಬರೆದರು. ಈ ಶಬ್ದ 'ಉಕ್ಕು' ಎಂಬುದರ ಅಪಭ್ರಂಶ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿಯ ಕಟ್ಟಿಗೆ, ಹಸಿರು ಎಲೆ ಹಾಕಿ ಬಾಯಿ ಮುಚ್ಚಿ, ಗಂಟೆಗಟ್ಟಲೆ ಊದಿ ಕಾಯಿಸಿ ಈ ಉಕ್ಕು ಮಾಡುತ್ತಿದ್ದರು. ಕಟ್ಟಿಗೆ ಮತ್ತು ಎಲೆ ಅಲ್ಲಿ ಇಂಗಾಲದ ಮೂಲ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆ ಇಂಥ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. 1819ರಲ್ಲಿ ಇದೇ ಉಕ್ಕನ್ನು ವಿಶ್ಲೇಷಿಸಿದವನು ಮೈಕೆಲ್ ಫ್ಯಾರಡೆ, ನಾವು ವಿದ್ಯುತ್ ಪಾಠದಲ್ಲಿ ಓದುವ ಅದೇ ಫ್ಯಾರಡೆ. ಅವನ ತಂದೆ ಕಂಬಾರ. ಇದಕ್ಕೂ ಬಹಳ ಮೊದಲು ಅರಬ್ ನಾಡಿಗೆ ಹಿಂದೂಸ್ತಾನದ ಉಕ್ಕು ಪರಿಚಿತವಾಗಿತ್ತು. ಅರಬಿಯಲ್ಲಿ 'ಮುಹನ್ನದ್' ಎಂದರೆ ಹಿಂದ್‌ನ ಉಕ್ಕಿನ ಖಡ್ಗ. 9ನೇ ಶತಮಾನದಲ್ಲಿ ಬಗ್ದಾದಿನ ತತ್ವಜ್ಞಾನಿ ಅಲ್ ಕಿಂದೀ ಖಡ್ಗಗಳ ಬಗೆಗಳ ಮೇಲೆ ಒಂದು ಗ್ರಂಥವನ್ನೇ ಬರೆದರು. ನಾನಿಯ ಚೂರಿ ಆ ವಂಶದ್ದು ಎಂದು ನಾನು ಹೇಳುತ್ತಿಲ್ಲ. ಅದು ಲಾರಿಯ ವಂಶದ್ದು. ಆದರೆ ಕಾಕಾ ಬಾಯಲ್ಲಿ ಬರುವ 'ಉಕ್ಕು' ಎಂಬ ಪದ ಲಂಡನ್ನಿನವರೆಗೆ ಹೋಗಿ ಬಂದಿದೆ.

ಇನ್ನು ಕಪ್ಪು ಬಣ್ಣದ ಮಾತು. ನಾನು ಉಜ್ಜಿ ತೆಗೆದ ಆ ಕಪ್ಪು ಕೊಳೆಯಲ್ಲ. ಉಳ್ಳಾಗಡ್ಡಿ, ಮಾವಿನಕಾಯಿ, ಬದನೆಕಾಯಿ, ಮಾಂಸ ಇವುಗಳ ರಸ ಉಕ್ಕಿನ ಜೊತೆ ವರ್ತಿಸಿ ವರ್ಷಗಟ್ಟಲೆ ಕಟ್ಟಿದ ಒತ್ತಾದ ಪೊರೆ ಅದು. ಬದನೆಕಾಯಿಯಲ್ಲಿ, ಚಹಾದಲ್ಲಿ ಇರುವ ಒಗರಿನ ಅಂಶ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಬೇಕಾದರೆ ಸಕ್ಕರೆ ಹಾಲು ಇಲ್ಲದ ಗಟ್ಟಿ ಚಹಾದಲ್ಲಿ ಒಂದು ಮೊಳೆ ಹಾಕಿಟ್ಟು ಮರುದಿನ ನೋಡಿ, ಮಸಿ ಸಿಗುತ್ತದೆ. ಹಿಂದಿನ ಕಾಲದ ಹಸ್ತಪ್ರತಿಗಳಿಗೆ ಬಳಸಿದ ಮಸಿಗಳಲ್ಲಿ ಒಂದು ಬಗೆ ಇದೇ ಕಬ್ಬಿಣ ಮತ್ತು ಒಗರಿನ ಕೂಡಿಕೆ. ಹೊಸ ಚೂರಿಯಲ್ಲಿ ಹೆಚ್ಚಿದ ಉಳ್ಳಾಗಡ್ಡಿಗೆ ಕರಿ ಗೆರೆ ಬೀಳುತ್ತದೆ, ಸ್ವಲ್ಪ ಕಬ್ಬಿಣದ ರುಚಿಯೂ ಬರುತ್ತದೆ. ಪೊರೆ ಕಟ್ಟಿದ ಮೇಲೆ ಎರಡೂ ಕಡಿಮೆಯಾಗುತ್ತವೆ.

ಕೆಂಪು ತುಕ್ಕಿನ ಕಥೆ ಬೇರೆ. ವಿದ್ಯುದ್ರಸಾಯನಶಾಸ್ತ್ರದ ಅಧ್ಯಾಯದ ಕೊನೆಗೆ ಓದಿದ್ದೇವೆ: ಕಬ್ಬಿಣದ ಮೇಲೆ ನೀರಿನ ಹನಿ ಕೂತರೆ ಅಲ್ಲೇ ಒಂದು ಸಣ್ಣ ಬ್ಯಾಟರಿ ಹುಟ್ಟುತ್ತದೆ. ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟು ಕರಗುತ್ತದೆ, ಇನ್ನೊಂದು ಜಾಗದಲ್ಲಿ ಆಮ್ಲಜನಕ ಅದನ್ನು ತೆಗೆದುಕೊಳ್ಳುತ್ತದೆ. ಉಪ್ಪು ಇದ್ದರೆ ಕೆಲಸ ಇನ್ನೂ ಜೋರು. ತುಕ್ಕು ಪುಡಿಪುಡಿಯಾಗಿ ಸಡಿಲ, ಅದರ ಕೆಳಗೆ ನೀರು ಗಾಳಿ ಇಳಿಯುತ್ತಲೇ ಇರುತ್ತವೆ. ಕಪ್ಪು ಪೊರೆ ಒತ್ತಾಗಿ ಕೂತು ಕಾಯುತ್ತದೆ, ಕೆಂಪು ತುಕ್ಕು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನೂರಕ್ಕೆ ಕನಿಷ್ಠ ಹತ್ತೂವರೆ ಪಾಲು ಕ್ರೋಮಿಯಂ ಇರುತ್ತದೆ, ಅದು ಕಣ್ಣಿಗೆ ಕಾಣದ ಪೊರೆ ಕಟ್ಟಿ ತಾನೇ ಕಾಯ್ದುಕೊಳ್ಳುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಅಂಥ ಉಕ್ಕು ತಯಾರಿಸಿದರು. ಸ್ಟೇನ್‌ಲೆಸ್‌ನಲ್ಲೂ ಬಹಳ ಒಳ್ಳೆಯ ಚಾಕುಗಳಿವೆ, ಸುಳ್ಳು ಹೇಳಬಾರದು. ನಮ್ಮ ಸಂತೆಯಲ್ಲಿ ಮೂವತ್ತು ನಲವತ್ತು ರೂಪಾಯಿಗೆ ಸಿಗುವವು ಮಾತ್ರ ತೆಳು ತಗಡಿನವು, ಮೆತ್ತಗಿನವು. ಅವಕ್ಕೆ ತುಕ್ಕು ಹಿಡಿಯದು, ಹರಿತವೂ ನಿಲ್ಲದು. ಕರಿ ಚೂರಿ ಇದರ ತದ್ವಿರುದ್ಧ: ಹರಿತ ಕೊಡುತ್ತದೆ, ಬದಲಿಗೆ ಪ್ರತಿ ಸಲ ಒರೆಸು ಎನ್ನುತ್ತದೆ.

ನಾನಿ ಒರೆಸುವುದು ಹೇಗೆ ಎಂದು ಈಗ ಗಮನಿಸಿದ್ದೇನೆ. ಹೆಚ್ಚಿದ ಕೂಡಲೇ ತೊಳೆಯುತ್ತಾರೆ, ಒಗ್ಗರಣೆಗೆ ಮೊದಲೇ. ಸೆರಗಿನಿಂದ ಒರೆಸಿ ಒಲೆಯ ಹತ್ತಿರ ಒಂದು ನಿಮಿಷ ಇಡುತ್ತಾರೆ, ಬೆಂಕಿಗಲ್ಲ, ಹತ್ತಿರಕ್ಕೆ. ವಾರಕ್ಕೊಮ್ಮೆ ಎರಡು ಹನಿ ಕುಸುಬಿ ಎಣ್ಣೆ ಸವರುತ್ತಾರೆ. ಶೇಂಗಾ ಎಣ್ಣೆ ಯಾಕಲ್ಲ ಎಂದು ಕೇಳಿದ್ದಕ್ಕೆ, ಅದು ಅಂಟಂಟಾಗಿ ವಾಸನೆ ಬರುತ್ತದೆ ಎಂದರು. ಕುಸುಬಿ ಎಣ್ಣೆ ಗಾಳಿಗೆ ಆರಿ ಗಟ್ಟಿ ಪೊರೆಯಾಗುವ ಜಾತಿಯದು, ಹಿಂದೆ ಬಣ್ಣ ತಯಾರಿಕೆಗೂ ಬಳಸುತ್ತಿದ್ದದ್ದು ಅದಕ್ಕೇ. ಹುಣಸೆಹಣ್ಣಿನಿಂದ ತಿಕ್ಕುವುದಿಲ್ಲ. ಹುಳಿ ತುಕ್ಕನ್ನು ತೆಗೆಯುತ್ತದೆ ನಿಜ, ಕಪ್ಪು ಪೊರೆಯನ್ನೂ ಜೊತೆಗೆ ಒಯ್ಯುತ್ತದೆ.

ಹಿಡಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲಗಿನ ಹಿಂದಿನ ಚೂಪು ಬಾಲವನ್ನು ಕಾಯಿಸಿ ಕಟ್ಟಿಗೆಯ ತೂತಿಗೆ ಇಳಿಸುತ್ತಾರೆ, ಅದು ಸುಟ್ಟುಕೊಂಡು ತನ್ನ ಜಾಗ ತಾನೇ ಮಾಡಿಕೊಳ್ಳುತ್ತದೆ. ಬಾಯಿಗೆ ಕಬ್ಬಿಣದ ಬಳೆ, ಕಟ್ಟಿಗೆ ಸೀಳದಿರಲಿ ಎಂದು. ಜಾಲಿ ಗಟ್ಟಿ ಕಟ್ಟಿಗೆ, ಪೆಟ್ಟಿಗೆ ಬೇಗ ಸೀಳುವುದಿಲ್ಲ. ಆದರೆ ಚೂರಿಯನ್ನು ಮುಸುರೆ ಪಾತ್ರೆಗಳ ಜೊತೆ ನೀರಿನಲ್ಲಿ ಬಿಟ್ಟರೆ ಯಾವ ಕಟ್ಟಿಗೆಯೂ ಉಬ್ಬಿ, ಒಣಗಿ, ಸಡಿಲವಾಗುತ್ತದೆ. ಹಳೆಯ ಹಿಡಿಕೆಯನ್ನೇ ಮತ್ತೆ ಹಾಕಿಕೊಡಿ ಎಂದು ಕಾಕಾನಿಗೆ ಕೇಳಿಕೊಂಡೆ, ನಾನಾ ಅವರ ಕೈ ಹತ್ತಿದ ಹಿಡಿಕೆ ಅಲ್ಲವೇ. ತೂತು ಅಗಲವಾಗಿತ್ತು. ಅರಗು ಕರಗಿಸಿ ಹೊಯ್ದು ಕೂರಿಸಿದರು.

ಹರಿತ ಮಾಡುವ ಕಲ್ಲಿನ ಗುಟ್ಟೂ ಇದೆ. ಹಿತ್ತಲಿನ ಕೆಂಪು ಕಲ್ಲು ಬದಾಮಿ ಸೀಮೆಯ ಮರಳುಗಲ್ಲು. ಅದರ ಕಣಗಳು ಬೆಣಚುಕಲ್ಲಿನವು, ಉಕ್ಕಿಗಿಂತ ಗಡಸು. ಅಡುಗೆಮನೆಯ ಶಹಾಬಾದಿ ಫರಸಿ ಸುಣ್ಣಗಲ್ಲು, ಉಕ್ಕಿಗಿಂತ ಬಹಳ ಮೆತ್ತಗೆ. ಅದರ ಮೇಲೆ ಎಷ್ಟು ಉಜ್ಜಿದರೂ ಸವೆಯುವುದು ಫರಸಿಯೇ. ಮರಳುಗಲ್ಲು ಇಲ್ಲದವರು ಚಹಾದ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ತಳದ ಒರಟು ಬಳೆಯ ಮೇಲೆ ಎಳೆಯಬಹುದು. ಕಲ್ಲು ಒದ್ದೆಯಾಗಿರಬೇಕು. ನೀರು ಬಿಸಿಯನ್ನೂ ಕಸವನ್ನೂ ಒಯ್ಯುತ್ತದೆ. ಚೂರಿಯ ಬೆನ್ನನ್ನು ಒಂದು ಪೆನ್ಸಿಲಿನ ದಪ್ಪದಷ್ಟು ಮೇಲೆತ್ತಿ ಉಜ್ಜಬೇಕು. ಅಲಗಿನ ಅಗಲ 30 ಮಿಲಿಮೀಟರ್, ಪೆನ್ಸಿಲ್ 7 ಮಿಲಿಮೀಟರ್; ಗಣಿತದವರು ಸೈನ್ ಲೆಕ್ಕ ಹಾಕಿದರೆ ಸುಮಾರು ಹದಿಮೂರೂವರೆ ಡಿಗ್ರಿ ಬರುತ್ತದೆ. ಅಡುಗೆಮನೆಗೆ ಸರಿಯಾದ ಕೋನ. ಒಂದು ಕಡೆ ಉಜ್ಜಿದಾಗ ಇನ್ನೊಂದು ಕಡೆ ಅಂಚಿನಲ್ಲಿ ಬೆರಳಿಗೆ ತಗಲುವ ಸಣ್ಣ ಜರಿ ಏಳುತ್ತದೆ. ಅದು ಎದ್ದ ಮೇಲೆಯೇ ಮಗ್ಗುಲು ಬದಲಿಸಬೇಕು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ನಾಲ್ಕು ಸಲ ಎಳೆದರೆ ಜರಿ ಬಿದ್ದುಹೋಗುತ್ತದೆ.

ಈ ಕೆಲಸಕ್ಕೆ ನಮ್ಮಲ್ಲಿ ಒಂದು ಮನೆತನವೇ ಇದೆ. ಶಿಕಲಗಾರ ಎಂಬ ಅಡ್ಡಹೆಸರಿನವರು ಎಷ್ಟೋ ಮಂದಿ ಇದ್ದಾರೆ. ಅರಬಿಯ 'ಸೈಕಲ್' ಎಂದರೆ ಲೋಹಕ್ಕೆ ಮೆರುಗು ಕೊಡುವವನು, ಅದಕ್ಕೆ 'ಗರ್' ಸೇರಿ ಸೈಕಲ್‌ಗರ್, ಬಾಯಿಂದ ಬಾಯಿಗೆ ಬಂದು ಶಿಕಲಗಾರ. ಸಾಣೆ ಹಿಡಿಯುವ ಚಾಚಾ ನಮ್ಮ ಓಣಿಗೆ ಬರುವುದೂ ಸೈಕಲ್ ಮೇಲೆಯೇ. ಅವರು ಪೆಡಲ್ ತುಳಿದು ಚಕ್ರ ತಿರುಗಿಸುವಾಗ ಒಂದು ಕ್ಷಣಕ್ಕಿಂತ ಹೆಚ್ಚು ಒಂದೇ ಕಡೆ ಒತ್ತಿ ಹಿಡಿಯುವುದಿಲ್ಲ, ನಡುನಡುವೆ ನೀರಿಗೆ ಅದ್ದುತ್ತಾರೆ. ನೋಡಿದ್ದೆ, ಯಾಕೆ ಎಂದು ಕೇಳಿರಲಿಲ್ಲ.

ಕುರ್ಬಾನಿಯ ಬಗ್ಗೆ ನಮಗೆಲ್ಲ ಚಿಕ್ಕಂದಿನಿಂದ ಕಲಿಸಿರುವ ಒಂದು ಮಾತಿದೆ: ಚೂರಿ ಚೆನ್ನಾಗಿ ಹರಿತವಾಗಿರಬೇಕು, ಪ್ರಾಣಿಗೆ ಯಾತನೆ ಕಡಿಮೆಯಾಗಬೇಕು, ಅದರ ಕಣ್ಣೆದುರು ಚೂರಿ ಮಸೆಯಬಾರದು. ಹಬ್ಬದ ಹಿಂದಿನ ದಿನ ಹಿತ್ತಲಿನಲ್ಲಿ ಕೂತು ಮಾಮುವಿನ ದೊಡ್ಡ ಚೂರಿಯನ್ನು ನಾನೇ ಒದ್ದೆ ಕಲ್ಲಿನ ಮೇಲೆ ಮಸೆದೆ. ಮುಕ್ಕಾಲು ಗಂಟೆ ಹಿಡಿಯಿತು. ಗ್ರೈಂಡರಿನಲ್ಲಾಗಿದ್ದರೆ ಅರ್ಧ ನಿಮಿಷ. ಹೊಳೆಯುವ ಚೂರಿಯ ಅಂಚು ಮೂರನೇ ಎಳೆತಕ್ಕೆ ಮಡಚಿದರೆ ಅನುಭವಿಸುವವರು ಯಾರು ಎಂದು ಆಗ ಯೋಚನೆ ಬಂತು. ಆಡು ಆಚೆಯ ಓಣಿಯಲ್ಲಿ ಕಟ್ಟಿತ್ತು.

ಸಂತೆಯಲ್ಲಿ ಕರಿ ಚೂರಿ ಕೊಳ್ಳುವವರಿಗೆ ಕಾಕಾ ಹೇಳಿದ ಒಂದೆರಡು ಪರೀಕ್ಷೆ. ಅಯಸ್ಕಾಂತ ನಂಬಬೇಡಿ. ಅದು ಸಾದಾ ಕಬ್ಬಿಣಕ್ಕೂ ಅಂಟುತ್ತದೆ, ಸ್ಟೇನ್‌ಲೆಸ್‌ನ ಕೆಲವು ಬಗೆಗೂ ಅಂಟುತ್ತದೆ. ಒಂದು ಸಣ್ಣ ಅರ ಒಯ್ದು ಬಾಯಿಯ ಹತ್ತಿರ ಮೆಲ್ಲಗೆ ಎಳೆಯಿರಿ. ಹದವಾದ ಉಕ್ಕಿನ ಮೇಲೆ ಅರ ಜಾರುತ್ತದೆ, ಸಾದಾ ಕಬ್ಬಿಣವನ್ನು ಕಚ್ಚುತ್ತದೆ. ಕಿಡಿ ನೋಡುವ ಅವಕಾಶ ಸಿಕ್ಕರೆ, ಇಂಗಾಲ ಇರುವ ಉಕ್ಕಿನ ಕಿಡಿ ತುದಿಯಲ್ಲಿ ಹೂವಿನ ಹಾಗೆ ಸಿಡಿಯುತ್ತದೆ, ಸಾದಾ ಕಬ್ಬಿಣದ್ದು ಉದ್ದಕ್ಕೆ ಗೆರೆ ಎಳೆದು ಆರುತ್ತದೆ. ಆ ದಿನ ನನ್ನ ಗ್ರೈಂಡರಿನಿಂದ ಹಾರಿದ್ದು ಸಿಡಿಯುವ ಹೂವುಗಳೇ. ಉಕ್ಕು ಒಳ್ಳೆಯದು ಎಂದು ಅದು ಕೂಗಿ ಹೇಳುತ್ತಿತ್ತು.

ಕಾಕಾ ಎಂಬತ್ತು ರೂಪಾಯಿ ತೆಗೆದುಕೊಂಡರು. ಅವರ ಮಗ ಬಾಗಲಕೋಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ, ಕುಲುಮೆಗೆ ಬರುವುದಿಲ್ಲ. ಚೂರಿಯ ಅಲಗು ಮೊದಲಿಗಿಂತ ಎರಡು ಮಿಲಿಮೀಟರ್ ಸಣ್ಣದಾಗಿದೆ. ಮೂರು ಚುಕ್ಕೆ ಹಾಗೇ ಇವೆ. ನಾನಿ ಚೂರಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ನೋಡಿದರು, ಜಾರಲಿಲ್ಲ. ಒಂದು ಉಳ್ಳಾಗಡ್ಡಿ ಪೂರ್ತಿ ಹೆಚ್ಚಿದರು. ಇನ್ನೊಂದು ಹೆಚ್ಚಿದರು. ಹೋಳುಗಳಿಗೆಲ್ಲ ಕರಿ ಗೆರೆ ಬಿದ್ದಿದ್ದವು, ಪೊರೆ ಇನ್ನೂ ಕಟ್ಟಿರಲಿಲ್ಲ. 'ಬದನೆಕಾಯಿ ತಂದುಹಾಕು' ಎಂದರು ನನಗೆ.

ನಿಮ್ಮ ಮನೆಯಲ್ಲೂ ಇಂಥದೊಂದು ಚೂರಿ ಇದ್ದು ಹದ ಹೋಗಿದ್ದರೆ ಹತ್ತಿರದ ಕುಲುಮೆಗೆ ಒಯ್ಯಿರಿ. ಅಮಾವಾಸ್ಯೆಯ ದಿನ ಮಾತ್ರ ಹೋಗಬೇಡಿ, ಅಂದು ಕಂಬಾರರು ಬೆಂಕಿ ಹಚ್ಚುವುದಿಲ್ಲ.